ಟ್ರಂಕಿನೊಳಗಿನ ಬಿಲ್ಲೆ

"ಸ್ಥಾವರಕ್ಕ ಇನ್ನಾ ಒಂದ್ ಕಲ್ಲು ಇಟ್ಟಿಲ್ಲ, ನಮ್ಮನ್ಯಾಗ ವಿಕಿರಣ ಎಲ್ಲಿಂದ ಬಂತಲೇ? ನಿನ್ನ ಮಿಷನ್ನೇ ಕೆಟ್ಟೈತಿ!" ಎಂದು ಸರ್ವೆಗೆ ಬಂದಿದ್ದ ಆನಂದಕುಮಾರನ ಮೇಲೆ ಹರಿಹಾಯ್ದೆ.

"ಬೈರಿ ಕಾಕಾ. ಆದ್ರ ಊರಾಗ ನಿಮ್ಮ ಬಿಲ್ಲೆ ಒಂದೇ ಜಾಸ್ತಿ ತೋರ್ಸೈತಿ."

ಅಣುಸ್ಥಾವರ ಬರುವ ಮೊದಲು ಸಂತೆಕಲ್ಲೂರಿನಲ್ಲಿ ವಿಕಿರಣ ಎಷ್ಟಿದೆಯೆಂದು ತಿಳಿಯಲು, ಅವನೇ ನಮ್ಮ ಅಂಗಳದ ಬೇವಿನ ಮರಕ್ಕೆ ಅಳತೆಯ ಬಿಲ್ಲೆ ಕಟ್ಟಿದ್ದ. ಮೂರು ತಿಂಗಳಾದ ಮೇಲೆ ಬಿಚ್ಚಿ ಒಯ್ದಿದ್ದ.

ಹೆಂಡತಿ ಪಂಪಮ್ಮ ಮೆಲ್ಲಗೆ ಬಾಯಿಬಿಟ್ಟಳು. "ಸರ್ಕಾರದ ಸಾಮಾನು, ಮಂಗ್ಯಾ ಒಯ್ದರ ಜವಾಬು ಯಾರು? ನಾನಾ ಬಿಚ್ಚಿ ಟ್ರಂಕಿನ್ಯಾಗ ಇಟ್ಟು ಕೀಲಿ ಹಾಕಿದ್ದೆ. ಇವ್ರು ಬರೋ ಮುಂಜಾನೆ ಮತ್ತ ಕಟ್ಟಿದೆ."

ಆ ಟ್ರಂಕಿನಲ್ಲಿ, ಹಿಂದೆ ನಾನು ಮದುವೆಗಳಿಗೆ ಬಾಡಿಗೆ ಕೊಡುತ್ತಿದ್ದ ಗ್ಯಾಸ್‌ಬತ್ತಿಗಳ ಸಾಮಾನಿತ್ತು. ಆನಂದಕುಮಾರ, ಬತ್ತಿಗೆ ಕಟ್ಟುವ ಮ್ಯಾಂಟಲ್ ಬಲೆಗಳ ಪೊಟ್ಟಣಗಳ ಹತ್ತಿರ ಕೈಮಿಷನ್ನು ಹಿಡಿದ. ಅದು ಕಟಕಟ ಬಡಿದುಕೊಂಡಿತು.

"ಹಳೇ ಮ್ಯಾಂಟಲ್‌ದಾಗ ಥೋರಿಯಂ ಇರ್ತೈತ್ರಿ, ಅದರಿಂದ ವಿಕಿರಣ ಬರ್ತೈತಿ. ಭಾಳ ಅಲ್ಲ, ಅಂಜಬ್ಯಾಡ್ರಿ."

ಸೊಸೆ ಶಿವರಂಜನಿ ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಳು. ಟ್ರಂಕು ಇದ್ದದ್ದು ಅವಳ ಮಂಚದ ಕೆಳಗೆ.

"ಬಸುರಾದಾಗಿಂದ ಇದರ ಮ್ಯಾಲೇ ಮಲಗೀನ್ರಿ ಮಾವ."

"ಅಂಜಬ್ಯಾಡ ಅಂತ ಹೇಳಾಕತ್ತಾನಲ್ಲವಾ!" ಎಂದು ಒದರಿದೆ.

ಅವಳು ಚಪ್ಪಲಿ ಮೆಟ್ಟಿ ಹೊರಬಿದ್ದು, ತವರಿಗೆಂದು ಲಿಂಗಸುಗೂರಿನ ಬಸ್ಸು ಹತ್ತಿದಳು.

ಆನಂದಕುಮಾರ ಆ ಪೊಟ್ಟಣಗಳನ್ನು ಒಯ್ದ, ಮನೆಯ ಮೂಲೆಮೂಲೆ ಅಳೆದು ಏನೂ ಇಲ್ಲವೆಂದ. ಹೆರಿಗೆ ತವರಲ್ಲೇ ಆಯಿತು, ಕೂಸು ಗಟ್ಟಿಮುಟ್ಟಾಗಿದೆಯಂತೆ. ಶಿವರಂಜನಿ ಮಾತ್ರ ತಿರುಗಿ ಬರಲಿಲ್ಲ.