ಎಂಟು ಡಿಗ್ರಿ

ಹೊನ್ನಾಳಿಯ ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತಿದ್ದ ಜಯದೇವಪ್ಪ ಮೇಷ್ಟ್ರಿಗೆ ಆರು ವರ್ಷದಿಂದ ಒಂದೇ ಹುಚ್ಚು. ಗಾಜಿನ ಮೇಲೆ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಲೋಹದ ಪೊರೆ ಹಿಡಿಸಿ, ಪುಟ್ಟ ಒಲೆಯಲ್ಲಿಟ್ಟು, ಹದವಾಗಿ ಕಾಯಿಸುತ್ತಾ ಎಕ್ಸ್‌ರೇ ಬಿಡುವುದು. ಪೊರೆಗೆ ತಾಗಿ ಚೆದುರಿದ ಕಿರಣಗಳು ಫಿಲ್ಮಿನ ಮೇಲೆ ಬಳೆ ಬಳೆಯಾಗಿ ಮೂಡುತ್ತಿದ್ದವು. ಎಷ್ಟು ಬಿಸಿಗೆ ಆ ಬಳೆಗಳು ಬದಲಾಗುತ್ತವೆ ಎಂದು ನೋಡುವುದೇ ಕೆಲಸ. ಪುಸ್ತಕಗಳು ಹೇಳಿದ್ದಕ್ಕಿಂತ ಸುಮಾರು ಎಂಟು ಡಿಗ್ರಿ ಮೇಲೆ ಎಂಬುದು ಮೇಷ್ಟ್ರು ಕಂಡುಹಿಡಿದ ಹೊಸ ಸಂಗತಿ. ಡಾಕ್ಟರೇಟಿನ ಪ್ರಬಂಧವೆಲ್ಲ ಅದರ ಮೇಲೇ ನಿಂತಿತ್ತು.

೧೯೮೪ರ ಏಪ್ರಿಲ್ ಹೊತ್ತಿಗೆ ಪ್ರಬಂಧ ಟೈಪಾಗಿತ್ತು. ವಿಶ್ವವಿದ್ಯಾಲಯದಿಂದ ಬೇಡಿ ತಂದಿದ್ದ ಹಳೇ ಎಕ್ಸ್‌ರೇ ಟ್ಯೂಬು ಕೊನೆಯ ಫಿಲ್ಮ್ ಮುಗಿಸಿಕೊಟ್ಟು ಸುಟ್ಟುಹೋಗಿತ್ತು. ಇನ್ನೊಂದು ಸಿಗುವ ಮಾತೇ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಆ ಖುಷಿಯಲ್ಲಿ ಮೇಷ್ಟ್ರು ಅಟೆಂಡರ್ ಬೋರಣ್ಣನಿಗೆ ಚಹಾ ಕೊಡಿಸಿದರು. ಬಿಸಿ ಅಳೆಯುವ ತಂತಿಯ ಒಂದು ತುದಿ ಒಲೆಯಲ್ಲಿದ್ದರೆ ಇನ್ನೊಂದು ಸೊನ್ನೆ ಡಿಗ್ರಿಯ ಐಸಿನಲ್ಲಿ ಇರಬೇಕಿತ್ತು. ಐಸು ತರುತ್ತಿದ್ದವನು ಬೋರಣ್ಣ. ಎಂಥ ಬಿಸಿಲಲ್ಲೂ ನಿನ್ನ ಐಸು ಕೊರೆಯುತ್ತಿತ್ತಲ್ಲ ಎಂದು ಮೇಷ್ಟ್ರು ಹೊಗಳಿದರು. ಬೋರಣ್ಣ ಹಿಗ್ಗಿಹೋದ.

"ನಿಮ್ಮ ಕೆಲ್ಸ ಕೆಡಬಾರ್ದು ಅಂತ ದಿನಾ ಎರಡು ಹಿಡಿ ಕಲ್ಲುಪ್ಪು ಬೆರೆಸ್ತಿದ್ದೆ ಸರ್. ನ್ಯಾಮತಿಯಾಗೆ ನಮ್ಮ ಭಾವ ಐಸ್‌ಕ್ಯಾಂಡಿ ಮಾಡಾಕೆ ಹಂಗೇ ಹಾಕ್ತಾನೆ."

ಮೇಷ್ಟ್ರು ಚಹಾದ ಲೋಟ ಕೆಳಗಿಟ್ಟರು. ಉಪ್ಪು ಬಿದ್ದ ಐಸು ಸೊನ್ನೆಗಿಂತ ಕೆಳಗಿಳಿಯುತ್ತದೆ. ತಂತಿ ತೋರಿಸುವುದು ಎರಡು ತುದಿಗಳ ಬಿಸಿಯ ಅಂತರವನ್ನು; ಐಸು ಎಷ್ಟು ಇಳಿದರೆ ಒಲೆಯ ಬಿಸಿ ಅಷ್ಟು ಹೆಚ್ಚಾಗಿ ಕಾಣುತ್ತದೆ. ಐಸು ತರಿಸಿ, ಎರಡು ಹಿಡಿ ಉಪ್ಪು ಹಾಕಿಸಿ, ಥರ್ಮಾಮೀಟರ್ ಇಟ್ಟರು. ಸೊನ್ನೆಯಿಂದ ಕೆಳಗೆ ಎಂಟು. ಆರು ವರ್ಷದಲ್ಲಿ ಒಂದು ದಿನವೂ ಹೀಗೆ ಇಟ್ಟು ನೋಡಿರಲಿಲ್ಲ. ಐಸು ಸೊನ್ನೆಯಲ್ಲದೆ ಇನ್ನೇನು ಎಂಬ ಓದಿದವರ ಜಂಬ! ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಎಂಟು ಕಳೆದರೆ ಉಳಿಯುವುದು ಪುಸ್ತಕದಲ್ಲಿ ಮೊದಲೇ ಇದ್ದ ಅಂಕಿ.

ಯಾರಿಗೂ ಹೇಳದೆ ಪ್ರಬಂಧ ಕೊಟ್ಟುಬಿಡಬಹುದಿತ್ತು. ಎರಡು ದಿನ ಆ ಆಸೆ ಅವರನ್ನು ಚೆನ್ನಾಗಿಯೇ ಕಾಡಿತು. ಮೂರನೆಯ ದಿನ ಪ್ರಬಂಧ ಕೊಡುವುದಿಲ್ಲ ಎಂದು ವಿಶ್ವವಿದ್ಯಾಲಯದಲ್ಲಿ ತಮಗೆ ಮಾರ್ಗದರ್ಶಕರಾಗಿದ್ದ ಗುರುಗಳಿಗೆ ಕಾಗದ ಹಾಕಿದರು.

ಸುದ್ದಿ ಕೇಳಿ ಬೋರಣ್ಣ ಬಂದ. ತನ್ನಿಂದ ಏನಾದರೂ ತಪ್ಪಾಯಿತೇ ಎಂದು ಮೆಲ್ಲಗೆ ಕೇಳಿದ. ಮೇಷ್ಟ್ರು ಇಲ್ಲ ಎಂದರು. ಅವನ ಮುಖ ಅರಳಿತು.

"ಹಂಗಾರೆ ಚಿಂತೆ ಯಾಕ್ರಿ? ಇನ್ನೊಂದು ಸಲ ಮಾಡಾಣ. ನಾ ಇರೋತಂಕ ಐಸಿಗೇನೂ ಕೊರತೆ ಇಲ್ಲ."

ಮೇಷ್ಟ್ರು ಕಿಟಕಿಯ ಕಡೆ ತಿರುಗಿ ಅತ್ತುಬಿಟ್ಟರು.