ಬರೆಯ ಬುಡದ ಮಣ್ಣು

ಇಳಿಜಾರಿನಲ್ಲಿ ನೆಲ ಸಮ ಮಾಡುವವನು ಹೊಸ ಮಣ್ಣನ್ನೇನೂ ಸೃಷ್ಟಿಸುವುದಿಲ್ಲ. ಮೇಲಿನದನ್ನು ಕಡಿಯುತ್ತಾನೆ, ಕೆಳಗೆ ತುಂಬುತ್ತಾನೆ. ಮೇಲಿನ ಮಣ್ಣು ಯಾರದು ಎಂಬ ಪ್ರಶ್ನೆಯನ್ನು ಹಾರೆ ಎತ್ತುವ ಮೊದಲೇ ಅವನು ಕೇಳಿಕೊಳ್ಳಬೇಕು. ಸವಣೂರಿನ ಆಚೆ, ಗುಡ್ಡದ ಮಗ್ಗುಲಲ್ಲಿ ದನಗಳಿಗೆ ಹೊಸ ಹಟ್ಟಿ ಕಟ್ಟಲು ಹೊರಟ ದೇರಣ್ಣ ಗೌಡರು ಆ ಪ್ರಶ್ನೆಯನ್ನು ಕೇಳಿಕೊಂಡಿದ್ದರು. ಉತ್ತರವನ್ನು ಬಾಯಿಬಿಟ್ಟು ಹೇಳಿಯೂ ಇದ್ದರು. ಆದುದರಿಂದ ಅವರ ತಪ್ಪಿಗೆ ಅಜ್ಞಾನದ ನೆಪವಿಲ್ಲ.

ಕರಾವಳಿಯ ಈ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಎರಡನೆಯ ಬೇಸಗೆ ಅದು. ಹಟ್ಟಿಯ ಜಾಗದ ಮೇಲ್ಬದಿಯಲ್ಲಿ ಆಳೆತ್ತರದ ಮಣ್ಣಿನ ಬರೆ ಗೋಡೆಯಂತೆ ನಿಂತಿತ್ತು. ಬರೆಯೂ ಅದರ ಮೇಲಿನ ಅಂಗಳವೂ ಬ್ಯಾರಿ ಮುಸಲ್ಮಾನರಾದ ಅಲಿ ಕುಂಞಿಯವರವು; ಅಲ್ಲೇ ಅವರೂ ಹೆಂಡತಿ ಐಸಮ್ಮನೂ ವಾಸ. ಕುಂಬ್ರ ಪೇಟೆಯಲ್ಲಿ ಒಣಮೀನು, ಬೆಲ್ಲಗಳ ವ್ಯಾಪಾರ ಮಾಡುತ್ತಿದ್ದ ಅಲಿ ಕುಂಞಿ ಕೆಲಸ ಆರಂಭವಾಗುವ ಮುನ್ನ ಕೆಳಗಿಳಿದು ಬಂದಿದ್ದರು.

"ಗೌಡ್ರೆ, ಬುಡದಲ್ಲಿ ಎರಡು ಮೊಳ ಬಿಟ್ಟು ಕಡೀರಿ. ಮೇಲೆ ಐಸಮ್ಮ ಬಟ್ಟೆ ಒಗೆಯುವ ಕಲ್ಲು ಉಂಟು."

"ಎರಡಲ್ಲ ಬ್ಯಾರಿಗಳೆ, ಮೂರು ಮೊಳ ಬಿಡ್ತೇನೆ. ನಿಮ್ಮ ಬರೆ ನನಗೆ ಎಂತಕ್ಕೆ?"

ಕೆಲಸಕ್ಕೆ ನೆರೆಕರೆಯವರು ಬಂದರು. ಹುಲ್ಲು ಬೇರಿನ ಮೇಲ್ಮಣ್ಣನ್ನು ಹೆರೆದು ಬದಿಗಿಟ್ಟರು. ಮೇಲಿನ ಅರ್ಧವನ್ನು ಕಡಿದು, ಬುಟ್ಟಿಯಲ್ಲಿ ಹೊತ್ತು, ಕೆಳಗಿನ ಅರ್ಧಕ್ಕೆ ಸುರಿದರು. ಸುರಿದಾಗ ಮಣ್ಣು ಧಾರಾಳವಾಗಿ ಕಂಡಿತು. ಆದರೆ ನೀರು ಚಿಮುಕಿಸಿ ಪೆಟ್ಟುಮಣೆಯಿಂದ ಬಡಿದಾಗ ಅದು ಕುಗ್ಗಿತು. ಅಡಿಕೆ ಹಾಳೆಯಲ್ಲಿ ನೀರು ತುಂಬಿಸಿ ನೆಲದ ಮೇಲಿಟ್ಟು ಮಟ್ಟ ನೋಡಿದರೆ, ನೀರೆಲ್ಲ ಕೆಳಬದಿಗೇ ಓಡಿತು.

"ಇನ್ನೂ ಮೊಣಕಾಲಷ್ಟು ಮಣ್ಣು ಬೇಕು ಮಾರಾಯ," ಎಂದರು ಜತ್ತಪ್ಪ. ದೇರಣ್ಣರ ದಾಯಾದಿಯಾದ ಅವರಿಗೆ ನಗೆಚಾಟಿಕೆ ಹೆಚ್ಚು. "ಹೀಗೇ ಬಿಟ್ಟರೆ ನಿನ್ನ ದನ ಒಂದು ಕಡೆಗೆ ಜಾರಿಕೊಂಡೇ ಹಾಲು ಕೊಟ್ಟೀತು."

ದೇರಣ್ಣರ ಪಾಲಿನ ಜಾಗದಲ್ಲಿ ಅಷ್ಟರಲ್ಲೇ ಅಗೆಯಲಾಗದ ಪಾರೆಕಲ್ಲು ತಾಗಿತ್ತು. ಬೇರೆ ಕಡೆಯಿಂದ ಮಣ್ಣು ತರುವುದಾದರೆ ಗದ್ದೆ ದಾಟಿ ಹೊರಬೇಕಿತ್ತು. ಕೈ ಚಾಚಿದರೆ ಸಿಗುವಲ್ಲಿ ಬರೆಯ ಮೃದುವಾದ ಕೆಂಪು ಮಣ್ಣಿತ್ತು. ಅಲಿ ಕುಂಞಿ ಕುಂಬ್ರಕ್ಕೆ ಹೋಗಿದ್ದರು. ಎಲ್ಲರೂ ಊಟಕ್ಕೆ ಎದ್ದ ಹೊತ್ತಿನಲ್ಲಿ ದೇರಣ್ಣರು ಹಿಂದುಳಿದು ಆ ಮೂರು ಮೊಳವನ್ನು ಕಡಿದರು. ಸಾಲದೆಂದು ಬರೆಯ ಬುಡಕ್ಕೇ ಹಾರೆ ಹಾಕಿದರು. ಬರೆಯ ಹೊಟ್ಟೆ ಗುಹೆಯಂತೆ ಒಳಸರಿಯಿತು. ಮೇಲೆ ಅಂಗಳದ ಅಂಚು ಚಪ್ಪರದಂತೆ ತೂಗಿ ನಿಂತಿತು. ಹಟ್ಟಿಯ ಮಾಡಿಗೆ ಹೊದಿಸಲೆಂದು ಹೆಣೆದಿಟ್ಟಿದ್ದ ತೆಂಗಿನ ಮಡಲುಗಳನ್ನು ತಂದು ಆ ಗುಹೆಗೆ ಅಡ್ಡವಾಗಿ ಒರಗಿಸಿದರು. ಊಟ ಮುಗಿಸಿ ಬಂದವರಿಗೆ ಕಂಡದ್ದು ಮಣ್ಣಿನ ರಾಶಿ, ಒಪ್ಪವಾಗಿ ಜೋಡಿಸಿದ ಮಡಲು. ಯಾರೂ ಏನೂ ಕೇಳಲಿಲ್ಲ. ಕೇಳದಿರುವುದೂ ಒಂದು ಬಗೆಯ ಒಪ್ಪಿಗೆಯೆಂಬುದನ್ನು ನಮ್ಮ ಜನ ಎಂದು ಕಲಿಯುವರೋ!

ಹಟ್ಟಿಗೆ ಒಂಬತ್ತು ಕಂಬ ಬೇಕಿತ್ತು. ಒರಲೆ ಹುಳ ಹಿಡಿಯದಂತೆ ಕಂಬಗಳ ಬುಡವನ್ನು ಬೆಂಕಿಯಲ್ಲಿ ಕರಿ ಮಾಡುವಾಗ ಒಂದು ಕಂಬ ಒಳಗೆ ಟೊಳ್ಳೆಂದು ತಿಳಿಯಿತು. ಆ ಸಂಜೆ ಅಲಿ ಕುಂಞಿ ಅಂಗಳದಂಚಿನಿಂದ ಬಗ್ಗಿ ನೋಡಿದರು.

"ಒಂದು ಕಂಬ ಕಮ್ಮಿ ಅಂತಲ್ಲ ಗೌಡ್ರೆ? ಇಗೊ, ಈ ಕಿರಾಲ್‌ಬೋಗಿ ಮರ ಉಂಟು, ನೆಟ್ಟಗೆ. ನಾಳೆ ಇಬ್ಬರೂ ಸೇರಿ ಕಡಿಯುವ. ನಿಮ್ಮ ಹಟ್ಟಿಗೆ ನನ್ನದೂ ಒಂದು ಕಂಬ ಇರ್ಲಿ."

ಆ ಮರ ನಿಂತದ್ದು ಬರೆಯ ನೆತ್ತಿಯಲ್ಲಿ. ಅದರ ಬೇರುಗಳು ಮಡಲುಗಳ ಹಿಂದೆ ಗಾಳಿಯಲ್ಲಿ ತೂಗುತ್ತಿದ್ದವು. ಮರ ಕಡಿಯಲು ಬಂದವನಿಗೆ ಗುಹೆ ಕಾಣದೆ ಇರುತ್ತಿರಲಿಲ್ಲ.

"ಬೇಡ," ಎಂದರು ದೇರಣ್ಣ.

"ಎಂತಕ್ಕೆ ಬೇಡ? ಕ್ರಯಕ್ಕೆ ಅಲ್ಲ, ಸುಮ್ಮನೆ."

"ಬೇಡ ಹೇಳಿದ್ರೆ ಬೇಡ."

ಬಗ್ಗಿದ್ದ ಅಲಿ ಕುಂಞಿ ನೆಟ್ಟಗೆ ನಿಂತರು. "ಓ. ಬ್ಯಾರಿಯ ಮರ ನಿಮ್ಮ ಹಟ್ಟಿಗೆ ಆಗುದಿಲ್ವೋ?"

ಅಲ್ಲವೆಂದು ಹೇಳಲು ಒಂದೇ ಒಂದು ಮಾತು ಸಾಕಿತ್ತು. ಆದರೆ ಅಲ್ಲವೆಂದರೆ ಮತ್ತೇಕೆ ಎಂಬ ಪ್ರಶ್ನೆ ಬರುತ್ತಿತ್ತು. ದೇರಣ್ಣರು ತಲೆ ತಗ್ಗಿಸಿ ಕಂಬದ ಸಿಪ್ಪೆ ಕೆತ್ತತೊಡಗಿದರು. ಅಲಿ ಕುಂಞಿ ಮರಳಿ ಹೋದರು.

ಜತ್ತಪ್ಪರಿಗೆ ಮಾತ್ರ ಸಂತೋಷವಾಯಿತು. "ಸರಿಯಾಗಿ ಹೇಳಿದಿ ಮಾರಾಯ! ಎಲ್ಲರನ್ನೂ ಇಡುವಲ್ಲಿ ಇಡಬೇಕು." ಕೇಳಿದ ಮತ್ತಿಬ್ಬರೂ ತಲೆದೂಗಿದರು. ನಮ್ಮ ಸಮಾಜದ ಸ್ಥಿತಿಯನ್ನು ನೋಡಿರಿ: ಮಣ್ಣು ಕದ್ದವನೆಂದು ತಿಳಿದರೆ ಉಗುಳುತ್ತಿದ್ದ ಮಂದಿಯೇ, ಸ್ನೇಹದ ಕೈಯನ್ನು ಜಾತಿಗಾಗಿ ತಳ್ಳಿದವನೆಂದು ತಿಳಿದು ಬೆನ್ನು ತಟ್ಟಿದರು! ಆ ಹೊಗಳಿಕೆ ದೇರಣ್ಣರ ಮೈಮೇಲೆ ಕೆಸರಿನಂತೆ ಹರಿಯಿತು. ಅವರು ಅದನ್ನು ಒರೆಸಿಕೊಳ್ಳಲಿಲ್ಲ.

ಮನೆಯಲ್ಲಿ ಹೆಂಡತಿ ನೀಲಾವತಿ ಗಂಜಿ ಬಡಿಸುತ್ತ ಕೇಳಿದಳು: "ನೀವು ಮರ ಬೇಡ ಹೇಳಿದ್ದು ಜಾತಿಗೋ, ಆ ಮಡಲಿಗೋ?"

ದೇರಣ್ಣರು ಗಂಜಿಯ ಬಟ್ಟಲನ್ನು ಬದಿಗೆ ಸರಿಸಿದರು.

"ಮಡಲು ತೆಗಿಲಿಕ್ಕೆ ಹೋಗಿದ್ದೆ. ನೋಡಿದೆ. ಐಸಮ್ಮ ನಿತ್ಯ ಅಲ್ಲೇ ನಿಂತು ಒಗೆಯುದು."

ಆಮೇಲೆ ದೇರಣ್ಣರ ಕಿವಿಗೆ ಐಸಮ್ಮ ಬಟ್ಟೆ ಒಗೆಯುವ ಸದ್ದು ಬಿಟ್ಟು ಬೇರೇನೂ ಕೇಳಿಸದಾಯಿತು. ಬೆಳಗ್ಗೆ ಮೇಲಿನ ಅಂಗಳದಲ್ಲಿ ಬಟ್ಟೆ ಕಲ್ಲಿಗೆ ಬಡಿಯುವಾಗ ಇಲ್ಲಿ ಮಡಲುಗಳ ಹಿಂದಿನಿಂದ ಮಣ್ಣು ಪುಡಿಯಾಗಿ ಉದುರುತ್ತಿತ್ತು. ಅವರು ಹಾರೆ ಹಿಡಿದು ಎಂಟು ಕಂಬಗಳ ನಡುವೆ ಸುಮ್ಮನೆ ನಿಂತುಬಿಡುತ್ತಿದ್ದರು. ಹೇಳಬೇಕು ಎನ್ನಿಸುತ್ತಿತ್ತು, ನಾಳೆ ಎನ್ನಿಸುತ್ತಿತ್ತು. ನಾಚಿಕೆಗೆ ಇರುವ ದೊಡ್ಡ ದೋಷವೆಂದರೆ, ಅದು ಮನುಷ್ಯನ ತಲೆಯನ್ನು ತಗ್ಗಿಸುತ್ತದೆಯೇ ಹೊರತು ಕಾಲನ್ನು ಮುಂದಿಡಿಸುವುದಿಲ್ಲ.

ಕಾಲು ಮುಂದಿಡಿಸಿದ್ದು ಮೋಡ. ಒಂದು ಬೆಳಗ್ಗೆ ಪಡುವಣದಲ್ಲಿ ಆಕಾಶ ಕಪ್ಪಿಟ್ಟಿತು. ದಪ್ಪ ಹನಿಗಳು ಬಿದ್ದವು. ಮೇಲೆ ಬಟ್ಟೆ ಒಗೆಯುವ ಸದ್ದು ನಿಂತಿರಲಿಲ್ಲ. ದೇರಣ್ಣರು ಓಡಿ ಬರೆಯ ಬದಿಯಿಂದ ಮೇಲೆ ಹತ್ತಿದರು.

"ಐಸಮ್ಮ, ಅಲ್ಲಿಂದ ಬಾ! ಒಗೆಯುದು ಬಿಡು, ಈಚೆ ಬಾ!"

ಐಸಮ್ಮ ಹೆದರಿ ಒದ್ದೆ ಬಟ್ಟೆಯೊಂದಿಗೇ ಜಗಲಿಗೆ ಸರಿದಳು. ಅಲಿ ಕುಂಞಿ ಹೊರಬಂದರು. "ನಮ್ಮ ಅಂಗಳಕ್ಕೆ ನೀವು ಬರಬಹುದೋ ಗೌಡ್ರೆ? ಮೈಲಿಗೆ ಆಗುದಿಲ್ವೋ?"

"ಕೆಳಗೆ ಬನ್ನಿ ಬ್ಯಾರಿಗಳೆ. ಒಂದು ತೋರಿಸ್ಲಿಕ್ಕೆ ಉಂಟು."

ಕೆಳಗೆ ಜತ್ತಪ್ಪರೂ ಇದ್ದರು. ಅವರ ಮುಂದೆಯೇ ದೇರಣ್ಣರು ಒಂದೊಂದಾಗಿ ಮಡಲುಗಳನ್ನು ಎಳೆದು ಹಾಕಿದರು. ಗುಹೆಯ ಬಾಯಿಯಲ್ಲಿ ಬಿಳಿಯ ಬೇರುಗಳು ನೇತಾಡುತ್ತಿದ್ದವು.

"ಮಣ್ಣು ಸಾಲಲಿಲ್ಲ. ನಿಮ್ಮದನ್ನು ಕದ್ದೆ. ಮರ ಬೇಡ ಹೇಳಿದ್ದು ಇದಕ್ಕೆ. ಜಾತಿಗೆ ಅಲ್ಲ. ಜತ್ತಪ್ಪಣ್ಣ, ನೀವೂ ಕೇಳಿ."

ಅಲಿ ಕುಂಞಿ ಬಗ್ಗಿ ಆ ಬೇರುಗಳನ್ನು ಕೈಯಿಂದ ಮುಟ್ಟಿ ನೋಡಿದರು.

"ಐಸಮ್ಮ ಹೇಳಿದ್ಳು, ಗೌಡ್ರು ಅಂಥವರಲ್ಲ, ಬೇರೆ ಎಂತದೋ ಉಂಟು ಅಂತ. ನಾನು ಅವಳಿಗೆ ಬೈದೆ." ಅವರ ದನಿ ಏರಲಿಲ್ಲ. "ಕೇಳಿದ್ರೆ ಮಣ್ಣು ಕೊಡ್ತಿರ್ಲಿಲ್ವೋ ನಾನು? ಅವಳು ಅಲ್ಲಿ ನಿಲ್ಲುದು ನಿಮಗೆ ಗೊತ್ತಿತ್ತು."

"ಗೊತ್ತಿತ್ತು," ಎಂದರು ದೇರಣ್ಣ.

ಮಳೆ ಅಂದು ಬೆದರಿಸಿ ಹೋಯಿತು. ದೇರಣ್ಣರು ಕೆಳಬದಿಯಲ್ಲಿ ತಾವೇ ಬಡಿದು ಗಟ್ಟಿ ಮಾಡಿದ್ದ ನೆಲವನ್ನು ಅಗೆದು ಮಣ್ಣನ್ನು ಹಿಂದಕ್ಕೆ ಹೊತ್ತರು. ನೀಲಾವತಿ ಬುಟ್ಟಿ ತುಂಬಿಸಿದಳು. ಅಲಿ ಕುಂಞಿ ಕಲ್ಲು ತಂದು ಗುಹೆಯ ಬಾಯಿಗೆ ಕಟ್ಟಿದರು. ಅದು ಅವರ ಬರೆ, ಅವರ ಹೆಂಡತಿ ನಿಲ್ಲುವ ಜಾಗ. ಕೆಲಸದ ಮಾತಿನ ಹೊರತು ಬೇರೆ ಮಾತು ಆಡಲಿಲ್ಲ.

ಹಟ್ಟಿಯ ಕೆಳಬದಿ ತಗ್ಗಾಗಿಯೇ ಉಳಿಯಿತು. ಒಂಬತ್ತನೆಯ ಕಂಬವಿಲ್ಲದ ಮೂಲೆಗೆ ಮಾಡು ಬರಲಿಲ್ಲ. ಮಳೆಗಾಲವಿಡೀ ಅಲ್ಲಿ ನೀರು ನಿಂತು, ದನಗಳು ಇನ್ನೊಂದು ಬದಿಗೆ ಒತ್ತಿಕೊಂಡು ಮಲಗಿದವು.

"ಬ್ಯಾರಿ ಈಗ ಸಿಟ್ಟಿನಲ್ಲಿ ಇಲ್ಲ ಅಲ್ವೋ?" ಎಂದರು ಜತ್ತಪ್ಪ, ಮಾಡಿಲ್ಲದ ಮೂಲೆಯನ್ನು ನೋಡುತ್ತ. "ಆ ಕಿರಾಲ್‌ಬೋಗಿ ಕೇಳಬಾರ್ದಾ?"

ದೇರಣ್ಣರು ಮೇಲೆ ನೋಡಿದರು. ಮರ ಮಳೆಯಲ್ಲಿ ನೆನೆಯುತ್ತ ಬರೆಯನ್ನು ಹಿಡಿದುಕೊಂಡು ನಿಂತಿತ್ತು. ಅದರಾಚೆ ಒಗೆಯುವ ಕಲ್ಲು ಬರಿದಾಗಿತ್ತು. ಐಸಮ್ಮ ಈಗ ಬಾವಿಯ ಬಳಿ ಒಗೆಯುತ್ತಿದ್ದಳು.

"ಬೇಡ," ಎಂದರು ಅವರು. ಈ ಸಲ ಆ ಮಾತಿನ ಹಿಂದೆ ಅಡಗಿಸಿದ್ದು ಏನೂ ಇರಲಿಲ್ಲ.