ಪ್ಯಾನಲ್ ರೂಮಿನ ಗೋಡೆ

ತಗಡು ಇನ್ನೂ ತಣ್ಣಗಿದೆಯೋ ಅಥವಾ ನನ್ನ ಬೆರಳೇ ಜೋಮು ಹಿಡಿದಿದೆಯೋ ತಿಳಿಯುತ್ತಿಲ್ಲ, ಎಸಿ ನಿಲ್ಲಿಸಿ ನಾಲ್ಕು ದಿನವಾಯಿತು, ಕರೆಂಟ್ ರೂಮು ಬೇಯುತ್ತಿದೆ, ಏಣಿಯ ಮೇಲೆ ನಿಂತು ಎಸಿ ಗಾಳಿ ಹೋಗುವ ಡಕ್ಟಿನ ಬೋಲ್ಟ್ ಬಿಚ್ಚುತ್ತಿದ್ದೇನೆ, ನಾನೇ ಬಿಗಿದದ್ದು, ನಾನೇ ಬಿಚ್ಚುತ್ತಿರುವುದು, ಇದು ಆರನೆಯದು, ಏಳನೆಯದು — ಮೂರು ಗಂಟೆಗೆ ಎಲೆಕ್ಟ್ರಿಕಲ್ ಇನ್ಸ್‌ಪೆಕ್ಟರ್ ಬರ್ತಾರೆ ಅಂಜಿನಯ್ಯ, ಅಷ್ಟರಲ್ಲಿ ಇಲ್ಲಿ ಡಕ್ಟ್ ಇತ್ತು ಅನ್ನೋದೇ ಗೊತ್ತಾಗಬಾರ್ದು, ಬಿಚ್ಚಿ, ಗೋಡೆ ಮುಚ್ಚಿಸಿ, ಎಂದರು ಮ್ಯಾನೇಜರ್ ಮೋಹನ್ ಕುಮಾರ್, ಹಸಿ ಗಾರೆ ಕಾಣುತ್ತಲ್ಲ ಸಾರ್ ಎಂದರೆ, ಸುಟ್ಟ ಗೋಡೆ ರಿಪೇರಿ ಅಂದ್ರಾಯ್ತು ಬಿಡಿ ಎಂದರು, ಆಯಿತು ಎಂದು ತಲೆಯಾಡಿಸಿದೆ. ಬೇಸರವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಬೆಳಿಗ್ಗೆ ಇಡ್ಲಿ ತಿಂದೆ, ಅದಕ್ಕೆ ಉಪ್ಪಿತ್ತೋ ಇಲ್ಲವೋ ಈಗ ಕೇಳಿದರೆ ಹೇಳಲಾರೆ. ಕೆಳಗೆ ರಾಜ್‌ಕುಮಾರ್ ರಸ್ತೆಯಲ್ಲಿ ಯಾರೋ ಹಾರ್ನ್ ಒತ್ತಿ ಹಿಡಿದಿದ್ದಾರೆ, ಒತ್ತಲಿ. ಎಂಟನೆಯದು ತುಕ್ಕು ಹಿಡಿದಿದೆ, ಎರಡು ವರ್ಷಕ್ಕೇ ತುಕ್ಕು, ಅಷ್ಟು ನೀರು ಕುಡಿದಿದೆ.

ನಕ್ಷೆಯಲ್ಲಿ ಈ ಡಕ್ಟ್ ವರಾಂಡ ಸುತ್ತಿ ಹೋಗಬೇಕಿತ್ತು, ಮಾಲೀಕರು ಶಂಭುಲಿಂಗಪ್ಪನವರು ಒಪ್ಪಲಿಲ್ಲ, ವರಾಂಡದ ಸೀಲಿಂಗ್ ಒಂದಡಿ ಇಳಿದ್ರೆ ಶೋರೂಮ್‌ನವರು ಯಾರ್ರೀ ಬರ್ತಾರೆ, ಕರೆಂಟ್ ರೂಮಲ್ಲೇ ನೆಟ್ಟಗೆ ತೂರಿಸಿ ಅತ್ಲಾಗೆ — ವಿಠ್ಠಲ ಒಬ್ಬನೇ ಬೇಡ ಎಂದವನು, ಹನ್ನೆರಡು ವರ್ಷದಿಂದ ನಾನು ಡಕ್ಟ್ ಕಟ್ಟುವ ಕಡೆಯೆಲ್ಲ ವೈರ್ ಎಳೆಯುವವನು, ಅಣ್ಣಾ, ಪ್ಯಾನಲ್ ನೆತ್ತಿ ಮೇಲೆ ತಣ್ಣನೆ ತಗಡು ಹೋಗ್ಬಾರ್ದು, ಬೆವರ್ತದೆ. ಸುತ್ತ ಒಂದಿಂಚು ಹೊದಿಕೆ ಹಾಕ್ತೀನಿ ಕಣೋ, ಎಲ್ಲಿ ಬೆವರತ್ತೆ, ನಿನ್ ಕೆಲ್ಸ ನೋಡ್ಕೋ ಎಂದೆ. ಹೊದಿಕೆಯ ಇಂಚನ್ನೇ ಮರೆತವನು ನಾನು. ಬರೀ ತಗಡಿನ ಅಳತೆಗೆ ಗೋಡೆ ಕೊರೆಸಿಬಿಟ್ಟೆ, ಡಕ್ಟ್ ತೂರಿಸಲು ಹೋದಾಗ ಗೊತ್ತಾಯಿತು, ಅಷ್ಟರಲ್ಲಿ ಹೋಮ ಮುಗಿದಿತ್ತು, ಹೋಮ ಆದ ಕಟ್ಟಡಕ್ಕೆ ನಲವತ್ತೆಂಟು ದಿನ ಸುತ್ತಿಗೆ ಮುಟ್ಟಿಸೋ ಹಾಗಿಲ್ಲ ಎಂದು ಶಂಭುಲಿಂಗಪ್ಪನವರು ಮೊದಲೇ ಹೇಳಿಟ್ಟಿದ್ದರು, ಅಳತೆ ತಪ್ಪಿದೆ ಸಾರ್ ಎನ್ನಲು ನನಗೆ ಬಾಯಿ ಬರಲಿಲ್ಲ, ಇಪ್ಪತ್ತೆಂಟು ವರ್ಷದ ಕಸುಬು, ನಾಚಿಕೆ. ಗೋಡೆಯೊಳಗೆ ಬರುವ ಅಷ್ಟುದ್ದದ ಹೊದಿಕೆಯನ್ನು ಚಾಕುವಿನಿಂದ ಕೆರೆದು ತೂರಿಸಿದೆ, ಸಂದಿಗೆ ಗಾರೆ ಮೆತ್ತಿದೆ, ಯಾರೂ ನೋಡಲಿಲ್ಲ, ನಲವತ್ತೆಂಟು ದಿನ ಕಳೆದ ಮೇಲೆ ಸರಿಮಾಡೋಣ ಎಂದುಕೊಂಡೆ. ಆಮೇಲೆ ಕೆಂಗೇರಿಯ ಕೆಲಸ ಬಂತು.

ನಾಲ್ಕು ದಿನದ ಹಿಂದೆ ವಿಠ್ಠಲನ ಫೋನ್ ಬಂದಾಗಲೂ ಕೆಂಗೇರಿಯಲ್ಲೇ ಇದ್ದೆ, ಅಣ್ಣಾ, ಪ್ಯಾನಲ್ ಮೇಲೆ ತೊಟ್ಟಿಕ್ತಾ ಐತೆ, ಗೋಡೆ ಹತ್ರ, ಮೇನ್ ಆಫ್ ಮಾಡ್ಸಣ ಅಂದ್ರೆ ಮ್ಯಾನೇಜರ್ ಬಿಡ್ತಿಲ್ಲ — ಒರೆಸಿಬಿಡೋ, ಮುಂದಿನ ವಾರ ಬಂದು ನೋಡ್ತೀನಿ. ಅಷ್ಟೇ ಹೇಳಿದ್ದು. ಒರೆಸಿದ. ಪ್ಯಾನಲ್ ಮೇಲೆ ಬಟ್ಟೆ ಆಡಿಸುತ್ತಿದ್ದಾಗ ಒಳಗೆ ಸಿಡಿಯಿತಂತೆ, ಎರಡು ಕೈಯೂ ಮೊಣಕೈವರೆಗೆ ಸುಟ್ಟಿವೆ, ಆಸ್ಪತ್ರೆಯಲ್ಲಿ ಅವನು ನನ್ನನ್ನು ನೋಡಿದ, ನನಗೆ ಫೋನ್ ಮಾಡಿದ್ದನ್ನು ಯಾರಿಗೂ ಹೇಳಿಲ್ಲ. ಹೊರಗೆ ಅವನ ಹೆಂಡತಿ ವರಲಕ್ಷ್ಮಿ, ಎಲ್ರೂ ಇವ್ರದ್ದೇ ತಪ್ಪು ಅಂತಾರಣ್ಣ, ಇನ್ಸ್‌ಪೆಕ್ಟರ್ ಹಂಗೇ ಬರೆದ್ರೆ ಲೈಸೆನ್ಸ್ ಹೋಗುತ್ತಂತೆ, ಇನ್ಯಾರು ಕೆಲ್ಸಕ್ಕೆ ಕರೀತಾರೆ, ನೀವು ಅಲ್ಲಿ ಕೆಲ್ಸ ಮಾಡಿದ್ರಲ್ಲ, ನಿಮ್ಗೇನಾದ್ರೂ ಗೊತ್ತಾ. ವಿಚಾರಿಸ್ತೀನಮ್ಮ ಎಂದೆ. ಹೌದು, ವಿಚಾರಿಸ್ತೀನಿ ಎಂದೇ ಹೇಳಿದೆ, ನಾಲಿಗೆಯೂ ತಡವರಿಸಲಿಲ್ಲ. ಕೊನೆಯ ತುಂಡು ಸಡಿಲವಾಯಿತು, ಎಳೆದೆ, ಗಾರೆ ಉದುರಿ ಕಣ್ಣಿಗೆ ಬಿತ್ತು, ಒರೆಸಿಕೊಂಡು ನೋಡಿದರೆ ತೂತು, ಅಂಚು ನೆಟ್ಟಗೆ ಇದೆ, ಅದರ ಪಕ್ಕದಲ್ಲಿ ನೀಲಿ ಪೆನ್ಸಿಲ್‌ನಲ್ಲಿ ಇಪ್ಪತ್ನಾಲ್ಕು ಹನ್ನೆರಡು, ಇಂಚಿನ ಲೆಕ್ಕ, ನನ್ನದೇ ಅಕ್ಷರ, ಕೆಳಗೆ ಅಡ್ಡಗೆರೆ ಬೇರೆ ಎಳೆದಿದ್ದೇನೆ. ಹೊದಿಕೆ ಸೇರಿ ಇಪ್ಪತ್ತಾರು ಹದಿನಾಲ್ಕು ಆಗಬೇಕಿತ್ತು. ಗಾರೆ ಗಟ್ಟಿಯಾಗ್ತಾ ಐತೆ ಅಂಜಿನಯ್ಯ, ಇಳಿ, ಕೆಳಗೆ ಚಿಕ್ಕಹನುಮಯ್ಯ ಬಾಂಡ್ಲಿ ಹಿಡಿದು ಕಾಯುತ್ತಿದ್ದಾರೆ, ಈ ಕಟ್ಟಡಕ್ಕೆಲ್ಲ ಗಾರೆ ಹಚ್ಚಿದವರು, ಹತ್ತು ನಿಮಿಷ ಸಾಕು ಅವರಿಗೆ, ಸವರಿದರೆ ಮುಗಿಯಿತು, ಇವತ್ತು ಯಾವ ಶಾಸ್ತ್ರವೂ ಅಡ್ಡ ಬರುವುದಿಲ್ಲ — ಇನ್ಸ್‌ಪೆಕ್ಟರ್ ನೋಡ್ಲಿ, ಆಮೇಲೆ ಮುಚ್ಚಿ, ಎಂದಿತು ನನ್ನ ಬಾಯಿ. ಏನಂದೆ, ಎಂದರು ಅವರು. ಇಳಿಯಲ್ಲ ಅಂದೆ. ಮೆಟ್ಟಿಲ ಮೇಲೆ ಬೂಟಿನ ಸದ್ದು, ಬನ್ನಿ ಸಾರ್, ಇದೇ ರೂಮು ಎಂಬ ಮೋಹನ್ ಕುಮಾರ್ ದನಿ, ಚಿಕ್ಕಹನುಮಯ್ಯ ಬಾಂಡ್ಲಿ ಕೆಳಗಿಡುತ್ತಾರೆ, ನಾನು ಏಣಿಯ ಮೇಲೆ, ಕಣ್ಣೆದುರು ತೂತು, ತೂತಿನ ಪಕ್ಕ ನೀಲಿ ಅಂಕಿ, ಇಪ್ಪತ್ನಾಲ್ಕು ಹನ್ನೆರಡು, ಕೆಳಗೆ ಅಡ್ಡಗೆರೆ, ಇಪ್ಪತ್ನಾಲ್ಕು ಹನ್ನೆರಡು